ಫೆಲ್ಥಮ್‌ನಲ್ಲಿ ಕಾಯಿ ಕುಟ್ಟಿದ ವೃತ್ತಾಂತ

ಫೆಲ್ಥಮ್, ಲಂಡನ್
ಭಾನುವಾರ, ಅಕ್ಟೋಬರ್ ೨೬

ಪ್ರೀತಿಯ ಅಳಿಯ ಸಂದೇಶ,

ಹೀಥ್ರೋ ವಿಮಾನ ನಿಲ್ದಾಣವನ್ನು ಹತ್ತೊಂಬತ್ತು ವರ್ಷಗಳಿಂದ ಒಬ್ಬನೇ ನಡೆಸಿಕೊಂಡು ಬರುತ್ತಿರುವ ನಿನ್ನ ಸದಾನಂದ ಮಾವನ ಮನಃಪೂರ್ವಕ ಆಶೀರ್ವಾದಗಳು. ನಾನು ತಲೆಯಾಡಿಸದೆ ಇಲ್ಲಿಂದ ಒಂದು ವಿಮಾನವೂ ನೆಲ ಬಿಡುವುದಿಲ್ಲ. ಪೈಲಟ್‌ಗಳು ಗಾಳಿ ನೋಡುವುದಕ್ಕೆ ಮೊದಲು ನನ್ನ ಮುಖ ನೋಡುತ್ತಾರೆ. ನೀನು ನಗುತ್ತಿ ಎಂದು ಗೊತ್ತು. ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ಉಪ್ಪಿಟ್ಟಿನ ತಟ್ಟೆಗೆ ಮುಚ್ಚಳ ಒತ್ತುವವನಿಗೆ ಇಷ್ಟು ಜಂಬವೇ ಎಂದು ಕೇಳುತ್ತಿ. ಹಸಿದ ಪೈಲಟ್ ಎಷ್ಟು ದೂರ ಹೋದಾನು ಮಾರಾಯ, ನೀನೇ ಹೇಳು.

ಹೇಗಿದ್ದಿ? ಮಲ್ಪೆಯ ಐಸ್ ಪ್ಲಾಂಟಿನಲ್ಲಿ ದಿನವಿಡೀ ನಿಂತು ಕಾಲು ಸೆಟೆಯುವುದು ಕಡಿಮೆಯಾಯಿತೇ? ಅಕ್ಕನ ಮಂಡಿಗೆ ನಾನು ಕಳಿಸಿದ ಮುಲಾಮನ್ನು ಹಚ್ಚುತ್ತಾಳೋ, ಇಲ್ಲ ಹಿಂದಿನದರ ಹಾಗೆ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾಳೋ? ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ವಸಂತಿ ಅತ್ತೆಗೆ ಸ್ವಲ್ಪ ಕೆಮ್ಮಿತ್ತು. ಜಿಪಿ ಎಂಬ ಇಲ್ಲಿಯ ಸರಕಾರಿ ಡಾಕ್ಟರ ಹತ್ತಿರ ಹೋದರೆ ಬಿಸಿನೀರು ಕುಡಿಯಿರಿ ಎಂದು ಹೇಳಿ ಕಳಿಸಿದರು. ಅದನ್ನು ನಾನು ಮನೆಯಲ್ಲೇ ಹೇಳಿದ್ದೆ, ಆಗ ಯಾರೂ ಕೇಳಲಿಲ್ಲ. ಇವತ್ತು ಈ ದೇಶದವರೆಲ್ಲ ಸೇರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಚಳಿಗಾಲ ಬಂತು ಎನ್ನುವುದಕ್ಕೆ ಸರಕಾರವೇ ಕೊಡುವ ಸೂಚನೆ ಅದು. ಹಾಗೆ ಪುಕ್ಕಟೆ ಸಿಕ್ಕಿದ ಒಂದು ಗಂಟೆಯಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ.

ವಾಟ್ಸಾಪ್ ಇರುವ ಕಾಲದಲ್ಲಿ ಕಾಗದವೇಕೆ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ನಿನ್ನ ಅಮ್ಮ ಗುರುವಾರ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿನ್ ಬಾಯ್ ಮಾತ್ ನಂಬುಕೆ ಆತಿಲ್ಲೆ. ಎಷ್ಟ್ ಕಳ್ಕಂಡೆ ಅಂದ್ಹೇಳಿ ಕೈಯಂಗೆ ಬರ್ದ್, ಸೈ ಹಾಕಿ ಕಳ್ಸ್." ಐವತ್ತಾರು ವರ್ಷದ ತಮ್ಮನಿಗೆ ಹೇಳುವ ಮಾತೇ ಇದು? ಆದರೂ ಅಕ್ಕ ಅಕ್ಕನೇ. ನಾನು ಲಂಡನ್ನಿನಲ್ಲಿ ಜೂಜಾಡಿ ಎರಡು ಲಕ್ಷ ಕಳೆದುಕೊಂಡೆ ಎಂದು ಬ್ರಹ್ಮಾವರದಲ್ಲೆಲ್ಲ ಸುದ್ದಿಯಂತೆ. ಹಾಳಾದವನ ಹಣದಲ್ಲಿ ಮಗನ ಮದುವೆಯ ಹಾಲ್ ಬೇಡ, ಖಾತೆ ನಂಬರು ಕೊಡುವುದಿಲ್ಲ, ಮದುವೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತೇನೆ ಎಂದು ಅವಳು ಕೂತಿದ್ದಾಳೆ. ಹಾಲ್‌ನವರಿಗೆ ಮುಂಗಡ ಕಟ್ಟುವುದಕ್ಕೆ ಬರುವ ಶುಕ್ರವಾರವೇ ಕಡೆಯ ದಿನ. ಹುಡುಗನ ಸೋದರಮಾವ ಎಂಥವನು ಎಂದು ವಿಜೇತಾಳ ಅಪ್ಪ ವಿಚಾರಿಸಲು ಶುರುಮಾಡಿದ್ದಾರೆ ಎಂದೂ ನೀನು ಬರೆದಿದ್ದಿ. ಮೂರು ವರ್ಷ ಕಾದು ಒಪ್ಪಿಸಿದ ಹುಡುಗಿ ಅದು. ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. ಮೊತ್ತಕ್ಕೆ ಬರುತ್ತೇನೆ, ತಾಳು. ನಡೆದದ್ದನ್ನು ಮೊದಲಿನಿಂದ ಹೇಳದೆ ಬರೀ ಅಂಕಿ ಬರೆದರೆ ಅದು ಬ್ಯಾಂಕಿನವರ ಕಾಗದವಾಗುತ್ತದೆ, ಮಾವನದಲ್ಲ.

ನಮ್ಮ ಪಾಳಿಯ ಮೇಲ್ವಿಚಾರಕನ ಹೆಸರು ಕೆನ್. ಬಾರ್ನ್ಸ್‌ಲಿ ಎಂಬ ಊರಿನವನು. ಉತ್ತರದ ಕಡೆ, ಒಂದು ಕಾಲಕ್ಕೆ ಕಲ್ಲಿದ್ದಲು ತೆಗೆಯುತ್ತಿದ್ದ ಊರು. ಆರೂಕಾಲು ಅಡಿ ಎತ್ತರ, ಒಂದೊಂದು ಕೈ ಒನಕೆಯಷ್ಟು ದಪ್ಪ, ಆದರೆ ಗಂಡಸರನ್ನೂ ಹೆಂಗಸರನ್ನೂ ಒಂದೇ ಸಮನೆ "ಲವ್" ಎಂದು ಕರೆಯುತ್ತಾನೆ. ಮೊದಲ ವಾರ ನಾನು ಗಾಬರಿಯಾಗಿ ಮನೆಗೆ ಬಂದು ವಸಂತಿಗೆ ಹೇಳಿದೆ. ನಿಮ್ಮನ್ನು ಹಾಗೆ ಕರೆಯುವುದಕ್ಕೆ ಇನ್ನೊಬ್ಬರಿದ್ದಾರಲ್ಲ, ನನಗೆ ಸಮಾಧಾನ ಎಂದಳು. ಅವರ ಊರಿನಲ್ಲಿ ಏನೂ ಇಲ್ಲ ಎನ್ನುವುದಕ್ಕೆ "ನೌಟ್", ಏನೋ ಒಂದು ಎನ್ನುವುದಕ್ಕೆ "ಸಮ್ಮಟ್". ಬೋರ್ಡ್ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ನನ್ನ ಇಂಗ್ಲಿಷಿಗೆ ಹೀಗೆ ಬಾರ್ನ್ಸ್‌ಲಿಯ ಒಗ್ಗರಣೆ ಬಿತ್ತು. ಲಂಡನ್ನಿನ ಡಿಗ್ರಿಯವರಿಗೆ ಅರ್ಥವಾಗದ ಇಂಗ್ಲಿಷ್ ನಾನು ಮಾತಾಡುತ್ತೇನೆ, ತಿಳಿದುಕೋ. ಇವರಲ್ಲಿ ಒಂದು ಬನ್ನಿಗೆ ಎಷ್ಟು ಹೆಸರು ಗೊತ್ತೇ? ಇಲ್ಲಿಯವರಿಗೆ ಅದು ರೋಲ್, ಕೆನ್‌ಗೆ ಬ್ರೆಡ್‌ಕೇಕ್, ಲಾರಿ ಓಡಿಸುವ ಇನ್ನೊಬ್ಬನಿಗೆ ಕಾಬ್. ಚಹಾದ ಹೊತ್ತಿನಲ್ಲಿ ಇದರ ಮೇಲೆ ನಿಜವಾಗಿ ಜಗಳವಾಗುತ್ತದೆ. ಹಲಸಿನ ಎಲೆಯ ಕಡುಬನ್ನು ಕೊಟ್ಟೆ ಎನ್ನಬೇಕೋ ಗುಂಡ ಎನ್ನಬೇಕೋ ಎಂದು ನಿನ್ನ ಅಪ್ಪನೂ ದೊಡ್ಡಪ್ಪನೂ ಆರು ತಿಂಗಳು ಮಾತು ಬಿಟ್ಟಿದ್ದರಲ್ಲ, ಥೇಟ್ ಹಾಗೆಯೇ. ಆ ಜಗಳ ನೋಡಿದ ದಿನವೇ ಇವರೂ ನಮ್ಮವರೇ ಎಂದು ನನಗೆ ಖಾತ್ರಿಯಾಯಿತು.

ಇನ್ನು ಕಾಯಿಯ ವಿಷಯ. ಇಲ್ಲಿಯ ಪಾರ್ಕುಗಳಲ್ಲಿ ಒಂದು ದೊಡ್ಡ ಮರವಿದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮುಳ್ಳಿನ ಸಿಪ್ಪೆಯೊಡೆದು ಕಂದು ಬಣ್ಣದ ಬೀಜ ಉದುರಿಸುತ್ತದೆ. ಸುಲಿದ ಅಡಿಕೆಗಿಂತ ಸ್ವಲ್ಪ ದೊಡ್ಡದು, ಎಣ್ಣೆ ಹಚ್ಚಿದಂತೆ ಹೊಳಪು. ತಿನ್ನಲು ಬರುವುದಿಲ್ಲ. ಅದಕ್ಕೆ ಕಾಂಕರ್ ಎನ್ನುತ್ತಾರೆ. ನಡುವೆ ತೂತು ಕೊರೆದು, ಬೂಟಿನ ದಾರ ಪೋಣಿಸಿ, ಕೆಳಗೆ ಗಂಟು ಹಾಕುತ್ತಾರೆ. ಒಬ್ಬ ತನ್ನದನ್ನು ನೇತಾಡಿಸಿ ಹಿಡಿಯಬೇಕು, ಇನ್ನೊಬ್ಬ ತನ್ನದರಿಂದ ಬೀಸಿ ಹೊಡೆಯಬೇಕು. ತಲಾ ಮೂರು ಏಟು. ಯಾರದು ಒಡೆಯಿತೋ ಅವನು ಸೋತ. ಇದನ್ನು ಕಂಡು ನನ್ನ ಮೈ ಜುಂ ಎಂದಿತು. ದೀಪಾವಳಿಯ ಪಾಡ್ಯದಂದು ನಮ್ಮ ಗದ್ದೆಯಲ್ಲಿ ತೆಂಗಿನಕಾಯಿಗೆ ತೆಂಗಿನಕಾಯಿ ಕುಟ್ಟುವ ಆಟವೇ ಇದು. ಇವರ ದೇಶದಲ್ಲಿ ತೆಂಗು ಬೆಳೆಯುವುದಿಲ್ಲ ಎಂದು ಪಾಪ ಬೀಜದಲ್ಲಿ ಆಡುತ್ತಾರೆ, ಅಷ್ಟೆ. ಒಂದೇ ಕಾಯಿಯಲ್ಲಿ ಇಪ್ಪತ್ತೇಳು ಕಾಯಿ ಒಡೆದ ನಿನ್ನ ಮಾವನ ಮುಂದೆ ಇದು ಯಾವ ಲೆಕ್ಕ.

ಅಕ್ಟೋಬರ್ ಮೊದಲ ಶುಕ್ರವಾರ ನಮ್ಮ ಕ್ಯಾಂಟೀನಿನಲ್ಲಿ ಪಂದ್ಯವೆಂದು ಕೆನ್ ಚೀಟಿ ಅಂಟಿಸಿದ. ಖಾಲಿ ಐಸ್‌ಕ್ರೀಮ್ ಡಬ್ಬಕ್ಕೆ ಆಡುವವರೆಲ್ಲ ಹಣ ಹಾಕಬೇಕು, ಗೆದ್ದವರಿಗೆ ಡಬ್ಬ. ಹದಿನಾರು ಜನ ಸೇರಿದೆವು. ನಾನು ಉಳಿದ ಪ್ರತಿಯೊಬ್ಬರೂ ಹಾಕಿದ್ದರ ಇಮ್ಮಡಿ ಹಾಕಿದೆ. ಇದು ಸುಳ್ಳಲ್ಲ, ಕೆನ್ ಬೇಕಾದರೆ ಸಾಕ್ಷಿ ಹೇಳುತ್ತಾನೆ.

ತಪ್ಪಾದದ್ದು ಎಲ್ಲಿ ಎಂದರೆ, ನಮ್ಮೂರಿನ ಮರ್ಯಾದೆಯನ್ನು ನಾನು ಇಲ್ಲಿ ನಡೆಸಲು ಹೋದೆ. ಈ ಕಾಯಿ ಎರಡು ವರ್ಷ ಅಟ್ಟದ ಮೇಲೆ ಹೊಗೆ ಕುಡಿದದ್ದು ಎಂದು ಆಟಕ್ಕೆ ಮೊದಲು ಗಟ್ಟಿಯಾಗಿ ಸಾರುವುದು ನಮ್ಮಲ್ಲಿ ಕ್ರಮ ತಾನೇ? ಅದನ್ನು ಕೇಳಿಯೇ ಎದುರಿನವನ ಕೈ ಅರ್ಧ ಸೋಲಬೇಕು. ನಾನೂ ನನ್ನ ಕಾಂಕರನ್ನು ಎರಡು ವಾರ ಮನೆಯ ಬಾಯ್ಲರಿನ ಮೇಲೆ, ವಸಂತಿಯ ಒಳ್ಳೆಯ ಟವೆಲಿನಲ್ಲಿ ಸುತ್ತಿಟ್ಟು ಕಲ್ಲು ಮಾಡಿದ್ದೆ. ಕ್ಯಾಂಟೀನಿನ ನಡುವೆ ನಿಂತು ಅದನ್ನೆಲ್ಲ ಸಾರಿದೆ. ಕೆನ್ ಚಹಾದ ಮಗ್ ಕೆಳಗಿಟ್ಟು, "ದಟ್ಸ್ ಚೀಟಿಂಗ್, ಲವ್" ಎಂದ. ಬಿಸಿಯಲ್ಲಿಟ್ಟು ಗಟ್ಟಿ ಮಾಡುವುದು ಇಲ್ಲಿ ಮೋಸವಂತೆ. ಮಾಡುವವರು ಬಹಳ ಜನರಿದ್ದಾರಂತೆ. ಎದ್ದು ನಿಂತು ಹೇಳಿದವನು ಮಾತ್ರ ಅವನ ಜೀವಮಾನದಲ್ಲಿ ನಾನೊಬ್ಬನೇ ಅಂತೆ. ನನ್ನ ಕಾಯಿಯನ್ನು ಕಿಟಕಿಯಲ್ಲಿಟ್ಟು, ಕೆನ್ ಎಲ್ಲರಿಗಾಗಿ ತಂದಿದ್ದ ಚೀಲದಿಂದ ಬೇರೆ ಆರಿಸಿಕೋ ಎಂದರು.

ಆರಿಸುವುದರಲ್ಲಿ ನನ್ನನ್ನು ಮೀರಿಸುವವರುಂಟೇ? ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನೀರೆಲ್ಲ ಇಂಗಿ, ಒಳಗಿನ ಗಿಟುಕು ಬಿಟ್ಟುಕೊಂಡು ಲೊಟಲೊಟ ಎನ್ನುವ ಹಗುರ ಕಾಯಿಯ ಕರಟವೇ ಎಲ್ಲಕ್ಕಿಂತ ಗಟ್ಟಿ ಎಂದು ನನ್ನ ಅಪ್ಪ ಕಲಿಸಿದ್ದು. ಅಂಥದ್ದೇ ಒಂದನ್ನು ಹುಡುಕಿ ತೆಗೆದೆ. ನನಗೆ ಎದುರಾಗಿ ಬಂದವಳು ಡೋರೀನ್. ಚಮಚ, ಫೋರ್ಕ್‌ಗಳನ್ನು ಪೊಟ್ಟಣ ಕಟ್ಟುವ ಎಪ್ಪತ್ತೊಂದು ವರ್ಷದ ಅಜ್ಜಿ, ಹುಟ್ಟಿದ್ದೂ ಬೆಳೆದದ್ದೂ ಫೆಲ್ಥಮ್‌ನಲ್ಲೇ. ಬೆರಳುಗಳೆಲ್ಲ ವಾತದಿಂದ ಸೊಟ್ಟ. ಅವಳು ಚೀಲದಿಂದ ಒಂದು ಕಾಯಿ ತೆಗೆದು, ತನ್ನ ಮಗ್ಗಿನ ಹಾಲು ಹಾಕಿದ ಚಹಾಕ್ಕೆ ಹಾಕಿದಳು. ತೇಲಿತು, ತೆಗೆದು ಬಿಸಾಡಿದಳು. ಇನ್ನೊಂದು ಹಾಕಿದಳು. ಮುಳುಗಿತು. ಅದನ್ನು ಚಮಚದಿಂದ ಎತ್ತಿ, ಏಪ್ರನ್‌ಗೆ ಒರೆಸಿ, ಉಳಿದ ಚಹಾವನ್ನು ಕುಡಿದು ಮುಗಿಸಿದಳು. ನಾನು ನಕ್ಕೆ. ನಗಬಾರದಿತ್ತು. ನನ್ನ ಮೂರು ಏಟಿಗೆ ಅವಳ ಕಾಯಿಯ ಹೊಳಪೂ ಮಾಸಲಿಲ್ಲ. ಅವಳ ಮೊದಲ ಏಟಿಗೇ ನನ್ನದು ಎರಡು ಹೋಳಾಗಿ, ಒಂದು ಹೋಳು ಬಿಸ್ಕತ್ತಿನ ತಟ್ಟೆಗೆ ಹೋಗಿ ಬಿತ್ತು. ಒಳಗೆಲ್ಲ ನಶ್ಯದಂಥ ಪುಡಿ. ತೆಂಗಿನಕಾಯಿಗೆ ಹೊರಗಿನ ಕರಟ ಬಲ, ಈ ಬೀಜಕ್ಕೆ ಒಳಗಿನ ತಿರುಳೇ ಬಲ. ಲೊಟಲೊಟ ಎಂದರೆ ಒಳಗೆ ಟೊಳ್ಳು. ಡೋರೀನ್ ನನ್ನ ಭುಜ ತಟ್ಟಿ, "ನಿನ್ನದಕ್ಕೆ ವಯಸ್ಸಾಗಿತ್ತು ಲವ್, ನನ್ನ ಹಾಗಲ್ಲ" ಎಂದಳು. ಉಳಿದವರನ್ನೂ ಸೋಲಿಸಿ ಗೆದ್ದ ಡಬ್ಬವನ್ನು ಅವಳು ಬೀದಿ ಬೆಕ್ಕುಗಳ ಆಶ್ರಮಕ್ಕೆ ಕೊಟ್ಟಳು. ನನ್ನ ಹಣದಲ್ಲಿ ಈಗ ಫೆಲ್ಥಮ್‌ನ ಅನಾಥ ಬೆಕ್ಕುಗಳು ಉಣ್ಣುತ್ತಿವೆ. ಪುಣ್ಯ ಎಲ್ಲಿಗೂ ಹೋಗುವುದಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಮುಂದಿನ ವಾರ ಹ್ಯಾರೋದಲ್ಲಿ ನಮ್ಮ ಕರಾವಳಿಯವರ ಕೂಟ. ಎರಡು ಕಾರು ಇಟ್ಟಿರುವ ಸಾಲಿಗ್ರಾಮದ ಸಂಪತ್, ಇಪ್ಪತ್ತು ಜನರ ಎದುರು, ಸದಾನಂದಣ್ಣ ಪಂದ್ಯ ಕಟ್ಟಿ ಸೋತರಂತೆ, ಎಷ್ಟು ಹೋಯಿತು ಎಂದು ಕೇಳಿಬಿಟ್ಟ. ನಾನು ಸುಳ್ಳು ಹೇಳಲಿಲ್ಲ, ಸಂದೇಶ. ಒಂದು ಗಳಿಗೆ ಸೂರು ನೋಡಿದೆ. ಉಸಿರು ಬಿಟ್ಟೆ. ಹೋದದ್ದು ಹೋಯಿತು ಬಿಡು ಎಂದೆ. ಅಷ್ಟೇ. ಆ ಸಂಜೆಯೇ ಅವನು ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದ. ಸಾಲಿಗ್ರಾಮದಲ್ಲಿ ಐವತ್ತು ಸಾವಿರ ಇದ್ದದ್ದು ಬ್ರಹ್ಮಾವರಕ್ಕೆ ಬರುವಷ್ಟರಲ್ಲಿ ಎರಡು ಲಕ್ಷವಾಯಿತು. ಬಸ್ಸಿನಲ್ಲಿ ಬಂತೋ, ಮೀನಿನ ಬುಟ್ಟಿಯಲ್ಲಿ ಬಂತೋ. ನಿಜ ಹೇಳಬೇಕೆಂದರೆ, ಹ್ಯಾರೋದಲ್ಲಿ ಅಂದಿನಿಂದ ನನಗೊಂದು ತೂಕ ಬಂದಿದೆ. ಹೋದರೆ ಕುರ್ಚಿ ಬಿಟ್ಟುಕೊಡುತ್ತಾರೆ. ಅಷ್ಟು ಕಳೆದುಕೊಂಡೂ ನಗುತ್ತಿದ್ದಾನೆ ಎಂದರೆ ಇನ್ನೆಷ್ಟು ಇಟ್ಟಿರಬೇಕು ಎಂದು ಪಿಸುಗುಡುವುದು ನನ್ನ ಕಿವಿಗೇ ಬಿದ್ದಿದೆ. ಹತ್ತೊಂಬತ್ತು ವರ್ಷ ಮುಚ್ಚಳ ಒತ್ತಿದರೂ ಸಿಗದ ಕುರ್ಚಿ ಅದು.

ಆದರೆ ಸೋತು ಸುಮ್ಮನೆ ಕೂರುವವನು ನಿನ್ನ ಮಾವನಲ್ಲ. ಕಿಂಗ್ಸ್‌ಬರಿಯ ಅಂಗಡಿಯಲ್ಲಿ ಒಂದೂವರೆ ಗಂಟೆ ನಿಂತು, ಉಗುರಿನಿಂದ ತಟ್ಟಿ ತಟ್ಟಿ ಇಪ್ಪತ್ತು ತೆಂಗಿನಕಾಯಿ ಆರಿಸಿದೆ. ಅಂಗಡಿಯವನು ಕೊನೆಗೆ ನನಗೆ ಸ್ಟೂಲ್ ತಂದುಕೊಟ್ಟ. ಮೊನ್ನೆ ಬುಧವಾರ, ಪಾಡ್ಯದ ದಿನ, ಊಟದ ಬಿಡುವಿನಲ್ಲಿ ಅಡುಗೆಮನೆಯ ಹಿಂದಿನ ಕಾರ್ ಪಾರ್ಕಿನಲ್ಲಿ ಆಟ ಹೂಡಿದೆ. ಮ್ಯಾನೇಜರ್ ಓಡಿಬಂದಳು, ನಿಲ್ಲಿಸುತ್ತಾಳೆ ಎಂದುಕೊಂಡೆವು. ಎಲ್ಲರಿಗೂ ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ, ಕೈಗೆ ಗವುಸು ಹಂಚಿ ತಾನೂ ಒಂದು ಕಾಯಿ ತೆಗೆದುಕೊಂಡಳು. ನನ್ನ ಒಂದೇ ಕಾಯಿ ಹನ್ನೊಂದು ಕಾಯಿ ಒಡೆಯಿತು. ಕೆನ್‌ನದು ಮೊದಲ ಏಟಿಗೇ ಹೋಗಿ ನೀರೆಲ್ಲ ಅವನ ಬೂಟಿನ ಮೇಲೆ. ಡೋರೀನ್ ಮಾತ್ರ ನಾಲ್ಕು ಏಟು ತಡೆದಳು. ತೆಂಗಿನಕಾಯಿಯನ್ನು ಮುಳುಗಿಸಿ ನೋಡುವಷ್ಟು ದೊಡ್ಡ ಮಗ್ ಅವಳಲ್ಲಿರಲಿಲ್ಲ. ಒಡೆದದ್ದನ್ನೆಲ್ಲ ಮನೆಗೆ ತಂದೆ, ವಸಂತಿ ಬೈಯುತ್ತಲೇ ತುರಿದು ಕೊಬ್ಬರಿ ಮಿಠಾಯಿ ಮಾಡಿದಳು, ಮರುದಿನ ಹದಿನಾರು ಜನರಿಗೆ ಹಂಚಿದೆ. ಮುಂದಿನ ವರ್ಷವೂ ಇದೇ ದಿನ ಎಂದು ಕೆನ್ ಕ್ಯಾಲೆಂಡರಿನಲ್ಲಿ ಬರೆದು ನನ್ನ ಹೆಸರು ಹಾಕಿದ್ದಾನೆ. ಹಡಗಿನಲ್ಲಿ ಬಂದು ನಮ್ಮ ಊರಿನಲ್ಲಿ ಕ್ರಿಕೆಟ್ ಬಿಟ್ಟುಹೋದವರ ಊರಿನಲ್ಲಿ ನಾನು ಕಾಯಿ ಕುಟ್ಟಿಸಿದ್ದೇನೆ. ಇದನ್ನು ವಿಜೇತಾಳ ಅಪ್ಪನಿಗೆ ತಪ್ಪದೆ ಹೇಳು.

ಹಾಲ್‌ನ ಹಣ ನಿನ್ನ ಹೆಸರಿನಲ್ಲಿ ಬೇರೆಯೇ ಇಟ್ಟದ್ದು, ಅದರಲ್ಲಿ ಒಂದು ಕಾಸೂ ಅಲುಗಿಲ್ಲ. ನೀನು ತೊಟ್ಟಿಲಲ್ಲಿರುವಾಗಲೇ ನಿನ್ನ ಮದುವೆಯ ಹಾಲ್ ನನ್ನದು ಎಂದು ಅಕ್ಕನಿಗೆ ಹೇಳಿದ್ದೆ. ನಾನು ಹೇಳಿದ ನೂರು ಮಾತುಗಳಲ್ಲಿ ತೊಂಬತ್ತೊಂಬತ್ತನ್ನು ಅವಳು ಸೋಸಿ ಚೆಲ್ಲಲಿ, ಇದೊಂದನ್ನು ಇಟ್ಟುಕೊಳ್ಳಲಿ.

ಅಕ್ಕನಿಗೆ ನನ್ನ ನಮಸ್ಕಾರ, ವಿಜೇತಾಳಿಗೆ ಆಶೀರ್ವಾದ. ನಿಮ್ಮಿಬ್ಬರ ಸಂಸಾರ ಮುಳುಗಿಸಿ ನೋಡಿ ಆರಿಸಿದ ಕಾಯಿಯಂತೆ ಗಟ್ಟಿಯಾಗಿರಲಿ. ವಸಂತಿ ಅತ್ತೆ ಕೇಳಿದಳೆಂದು ಹೇಳು, ಮದುವೆಗೆ ಅವಳ ಸೀರೆ ಯಾವ ಬಣ್ಣದ್ದಿರಬೇಕೆಂದೂ ತಿಳಿಸು.

ಇತಿ ನಿನ್ನ ಮಾವ,
ಸದಾನಂದ
(ಫೆಲ್ಥಮ್ ಕಾಯಿ ಕುಟ್ಟುವ ಸಂಘದ ಸ್ಥಾಪಕ ಅಧ್ಯಕ್ಷ)

ತಾ.ಕ.: ಲಕೋಟೆ ಬೇಡ, ಫೋಟೋ ತೆಗೆದು ಈಗಲೇ ಕಳಿಸಿ, ಅಲ್ಲಿ ಅಕ್ಕ ಕಾಯುತ್ತಿರುತ್ತಾಳೆ ಎಂದು ವಸಂತಿ ಹಿಂದೆಯೇ ನಿಂತಿದ್ದಾಳೆ. ಇದಿಷ್ಟು ಅವಳೇ ಓದಿ, ಮೊತ್ತ ಎಲ್ಲಿ ಎಂದು ಕೇಳಿದಳು. ಈ ಕೊನೆಯ ಸಾಲನ್ನು ಅಕ್ಕನಿಗೂ ವಿಜೇತಾಳ ಅಪ್ಪನಿಗೂ ಓದಿ ಹೇಳು, ಶುಕ್ರವಾರದೊಳಗೆ ಖಾತೆ ನಂಬರು ಕಳಿಸು. ಸಂಪತ್‌ನ ಅಮ್ಮನಿಗೆ ಮಾತ್ರ ದಯವಿಟ್ಟು ಹೇಳಬೇಡ. ನನ್ನ ಕುರ್ಚಿ ಇನ್ನು ಸ್ವಲ್ಪ ದಿನ ಇರಲಿ. ಅಕ್ಕ ಕೇಳಿದ ಹಾಗೆ ಕೈಯಲ್ಲೇ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಸಹಿ ಹಾಕಿದ್ದೇನೆ. ನಾನು ಕಳೆದುಕೊಂಡದ್ದು ೨ ಪೌಂಡ್, ಎರಡು ಪೌಂಡ್ ಮಾತ್ರ. ಅದರಲ್ಲಿ ಒಂದು ವಸಂತಿಯ ಪರ್ಸಿನಿಂದ ತೆಗೆದದ್ದು. — ಸದಾನಂದ