ಚೆನ್ನಾಗಿದೆ ಎನ್ನಲೋ ಬೇಡವೋ

ರೀ,

ಮೇಜಿನ ಮೇಲಿರುವುದು ತಿಂಡಿ ಡಬ್ಬಿಯಲ್ಲ, ಆಫೀಸಿನ ಹೊಸ ಕಂಪ್ಯೂಟರ್. ಅದರ ಮೇಲೆ ಕಾಫಿ ಲೋಟ ಇಟ್ಟೀರಿ, ಜೋಕೆ! ಮಧ್ಯಾಹ್ನ ಆಫೀಸಿನವರು ಬಂದರೆ ವೈರ್ ಸಮೇತ ಕೊಟ್ಟುಬಿಡಿ.

ಬಳಸಿ ನೋಡಿ, ಹೇಗಿದೆ ಹೇಳಿ ಎಂದಿದ್ದರು ಮ್ಯಾನೇಜರ್. ವಾರವಿಡೀ ನೋಡಿದೆ. ಅಂಗೈಯಗಲ ಇದ್ದರೂ ಕೆಲಸಕ್ಕೆ ಗಟ್ಟಿ. ಹಳೆಯದರ ಹಾಗೆ ನಡುವೆ ಮುನಿಸಿಕೊಂಡು ನಿಲ್ಲುವುದಿಲ್ಲ. ಆದರೆ ಚೆನ್ನಾಗಿದೆ ಎಂದರೆ ನಾವೆಲ್ಲ ಇನ್ನು ಮನೆಯಿಂದಲೇ ಕೆಲಸ ಮಾಡಬೇಕಂತೆ.

"ಒಳ್ಳೇದಾಯ್ತು, ಇನ್ಮೇಲೆ ನೀನು ಮನೇಲೇ ಇರ್ತೀಯಲ್ಲ!" ಎಂದು ಅತ್ತೆ ಹಿಗ್ಗಿದರು. ನನಗೋ ಆಫೀಸಿಗೆ ಹೋಗುವುದೇ ಇಷ್ಟ. ಹಾಗಂತ ಚೆನ್ನಾಗಿಲ್ಲ ಎಂದು ಸುಳ್ಳು ಹೇಳಲೂ ಮನಸ್ಸು ಬರಲಿಲ್ಲ. ಬರೆದು ಅಳಿಸಿ, ಮತ್ತೆ ಬರೆದು, ಕೊನೆಗೆ "ಕಂಪ್ಯೂಟರ್ ಚೆನ್ನಾಗಿದೆ, ಆದರೆ ನಾನು ಆಫೀಸಿಗೇ ಬರುತ್ತೇನೆ" ಎಂದು ಕಳಿಸಿಬಿಟ್ಟೆ. ಸರಿಯೋ ತಪ್ಪೋ ಒಂದೂ ತಿಳಿಯುತ್ತಿಲ್ಲ.

ಅತ್ತೆಗೆ ನೀವೇ ಹೇಳಿ. ಬೇಡ, ನಾನೇ ಹೇಳುತ್ತೇನೆ. ನೀವು ಪಕ್ಕದಲ್ಲಿ ನಿಂತಿರಿ, ಸಾಕು.