ಹಿಂದೆ ಬರ್ತಿದ್ದಾರೆ

ಆಮೆರಾಯರೇ,

ನಾವು ಪ್ರತಿ ರಜೆಗೂ ತುಂಡುತುಂಡಾಗಿ ನಡೆಯುತ್ತಿದ್ದೆವಲ್ಲ, ದಕ್ಷಿಣದ ಕಾಡಿನ ಆ ಉದ್ದನೆಯ ಕಾಲುದಾರಿ, ಅದರಲ್ಲಿ ಉಳಿದಿದ್ದ ಕೊನೆಯ ತುಂಡಿಗೆ ಇವತ್ತು ಒಬ್ಬಳೇ ಬಂದೆ. ನೀವು ತೀರಿಕೊಂಡ ಮೇಲೆ ಕಾಡಿಗೆ ಕಾಲಿಟ್ಟಿದ್ದು ಇದೇ ಮೊದಲು. ಮರಗಳೆಲ್ಲ ಎಲೆ ಉದುರಿಸಿ, ದಾರಿ ಯಾವುದು ಕಾಡು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆದರೂ ನನ್ನದು ಎಂದಿನ ಓಟವೇ.

ಸಂಜೆ ತಂಗುಮನೆ ಮುಟ್ಟಿದಾಗ ಕಾವಲುಗಾರ ಚಹಾ ಕೊಡುತ್ತಾ, "ಒಬ್ರೇ ಬಂದ್ರಾ ಅಮ್ಮಾ?" ಎಂದು ಕೇಳಿದ.

"ಇಲ್ಲಪ್ಪ, ಯಜಮಾನ್ರು ಹಿಂದೆ ಬರ್ತಿದ್ದಾರೆ."

ಅಷ್ಟು ವರ್ಷ ಹೇಳಿ ರೂಢಿಯಾದ ಮಾತು, ತಾನಾಗಿ ಬಾಯಿಗೆ ಬಂತು. ತಿದ್ದಿ ಹೇಳಲು ನಾಲಿಗೆ ಹೊರಳಲಿಲ್ಲ.

ಕತ್ತಲು ಕವಿಯುತ್ತಿದ್ದಂತೆ ಅವನಿಗೇ ಕಳವಳ ಹೆಚ್ಚಾಯಿತು. ಪಾಪ, ಲಾಟೀನು ಹಿಡಿದು ತಿರುವಿನವರೆಗೂ ಹೋಗಿ ಬಂದ.

"ತುಂಬಾ ನಿಧಾನಾನಾ ಅವ್ರು?"

"ಮರ ಕಂಡಲ್ಲೆಲ್ಲ ನಿಂತು ತೊಗಟೆ ಮುಟ್ಟಿ ನೋಡ್ತಾರೆ."

"ಹಾಗಾದ್ರೆ ನೀವೂ ಜೊತೇಲೇ ನಿಲ್ಲಬಹುದಿತ್ತಲ್ಲಮ್ಮ."

ನಾನು ಆರಿದ ಚಹಾ ಕುಡಿದೆ.

ಅಷ್ಟರಲ್ಲಿ ತರಗೆಲೆಗಳ ಮೇಲೆ ಹೆಜ್ಜೆ ಸಪ್ಪಳ ಕೇಳಿತು. "ಬಂದ್ರು ನೋಡಿ ನಿಮ್ಮೋರು," ಎಂದು ಅವನು ಬಾಗಿಲು ತೆರೆದ. ನಿಮ್ಮ ಚಿತೆಯ ಬಳಿ ನಿಂತಿದ್ದವಳು ನಾನು. ಆದರೂ ದಡಬಡಿಸಿ ಎದ್ದೆ, ಕೆದರಿದ ಕೂದಲು ಸರಿಮಾಡಿಕೊಂಡೆ.

ಬಂದವನು ಯಾರೋ ಅಪರಿಚಿತ.

"ಹಿಂದೆ ಇನ್ನೊಬ್ರು ಬರ್ತಿದ್ದಾರಾ?" ಎಂದು ಕಾವಲುಗಾರ ಅವನನ್ನು ಕೇಳಿದ.

"ಯಾರೂ ಇಲ್ಲ, ನಾನೇ ಕೊನೆ."

ಕಾವಲುಗಾರ ನನ್ನ ಮುಖವನ್ನೇ ನೋಡಿದ. ಮಲಗಲು ಹೋಗುವಾಗ ಬಾಗಿಲಿಗೆ ಚಿಲಕ ಹಾಕದೆ, ಸುಮ್ಮನೆ ಮುಂದೆ ಮಾಡಿ ಹೋದ.