ಏಳನೇ ನಿಯಮದ ಆ ಒಂದು ಮಾತು

ಫೆಬ್ರವರಿ 38, 2164

ಕಾಲೇಜು ಮೈದಾನದಲ್ಲಿ ಕಣ್ಣು ಕಾಣದವರನ್ನೂ ಸೇರಿಸಿಕೊಂಡು ಕಬಡ್ಡಿ ಆಡಿಸುತ್ತಿರುವ ಮಕ್ಕಳೇ,

ತಾರೀಖು ನೋಡಿ ನಗಬೇಡಿ. ಬಿಸಿಲು ತಡೆಯಲಾರದೆ ನಮ್ಮವರು ಏಪ್ರಿಲ್, ಮೇ ಎರಡನ್ನೂ ಕ್ಯಾಲೆಂಡರಿನಿಂದ ಕಿತ್ತುಹಾಕಿ, ಆ ದಿನಗಳನ್ನು ಬೇರೆ ತಿಂಗಳುಗಳಿಗೆ ಹಂಚಿದ್ದಾರೆ. ಹೆಸರು ತೆಗೆದರೆ ಬಿಸಿಲು ಹೋಗುತ್ತದೆಂದು ತಿಳಿದ ಜಾಣರು! ನನ್ನ ಮಾತು ನಿಮಗೆ ಒರಟೆನಿಸಿದರೆ ಕ್ಷಮಿಸಿ. ನಾನು ಶಿವಗಂಗವ್ವ, ವಯಸ್ಸು ಅರವತ್ತೊಂದು, ಒಂದು ಕಾಲದಲ್ಲಿ ಕಾಲೇಜು ತಂಡದ ನಾಯಕಿ.

ನೀವು ಕೈಯಿಂದ ಬರೆದ ನಿಯಮದ ಪುಸ್ತಕ ನೂರಕ್ಕೂ ಹೆಚ್ಚು ವರ್ಷ ದಾಟಿ ನಮ್ಮವರೆಗೂ ಬಂದಿದೆ. ಅದರಿಂದಲೇ ನಮ್ಮಲ್ಲಿ 'ಕೈಹೊಣೆ' ಹುಟ್ಟಿತು. ಅಂದರೆ, ಕಾಲೇಜಿನ ಪ್ರತಿ ಆಟಗಾರ ತನ್ನ ಓಣಿಯ ಒಬ್ಬ ಅಂಗವಿಕಲರ ಕೈ ಹಿಡಿದು ಒಂದು ವರ್ಷ ಜೊತೆಗೆ ಆಡಬೇಕು. ನನಗೆ ಇಪ್ಪತ್ತಾಗಿದ್ದಾಗ ನನ್ನ ಪಾಲಿಗೆ ಬಂದವಳು ಅಡಿವೆಮ್ಮ, ಹದಿನೇಳರ ಹುಡುಗಿ, ಹುಟ್ಟುಕುರುಡಿ. ಮಹಾ ತಲೆಹರಟೆ. ನನ್ನ ಬೆವರಿನ ವಾಸನೆಯಿಂದಲೇ ನಾನು ಎಲ್ಲಿದ್ದೇನೆಂದು ಹೇಳಿ, ಸ್ನಾನ ಮಾಡಕ್ಕಾ ಎಂದು ಎಲ್ಲರೆದುರು ನಗುತ್ತಿದ್ದಳು.

ನಿಮ್ಮ ಏಳನೇ ನಿಯಮ ನಮಗೆ ಬಾಯಿಪಾಠ. ಮುಟ್ಟಿಸಿಕೊಂಡವರು 'ಸತ್ತೆ' ಎಂದು ಕೂಗಬೇಕು, ಕಣ್ಣು ಕಾಣದವರಿಗೂ ಗೊತ್ತಾಗಲಿ ಅಂತ. ಸತ್ತವರು ಗೆರೆಯಾಚೆ ಹೋಗಿ ಕೂರಬೇಕು. ತಮ್ಮ ತಂಡ ಅಂಕ ಗೆದ್ದು ಜೀವ ಬರುವವರೆಗೆ ಏಳಕೂಡದು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ನನಗೆ ಗೊತ್ತು.

ನಮ್ಮೂರಿನಲ್ಲಿ ನೆರಳಿನ ಛಾವಣಿ ಇದ್ದದ್ದು ನಾವು ಆಡುತ್ತಿದ್ದ ಮೈದಾನಕ್ಕೆ ಮಾತ್ರ. ಅಲ್ಲಿ ಪಂದ್ಯ ಗೆಲ್ಲುವವರಷ್ಟೇ ಆಡಬೇಕು, ಕುಂಟರು ಕುರುಡರಿಗೆ ನೆರಳೇಕೆ ಎಂದು ಒಂದು ಗುಂಪು ಹಟ ಹಿಡಿಯಿತು. ತಮ್ಮನ್ನು ತಾವೇ 'ಗಟ್ಟಿಕಾಳು' ಎಂದು ಕರೆದುಕೊಳ್ಳುತ್ತಿದ್ದರು. ನಾವು ಜೊಳ್ಳಂತೆ! ಒಂದು ವಾರದೊಳಗೆ ಜಾಗ ಬಿಡಿ ಅಂದರು. ನಾವು ಬಿಡಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಕಬ್ಬಿಣದ ಸಲಾಕೆ ಹಿಡಿದು ಬಂದರು. ನಾವು ಇಪ್ಪತ್ತು ಜನ ಕೈಗೆ ಕೈ ಕೂಡಿಸಿ ಸರಪಳಿ ಹಾಕಿ ನಿಂತೆವು, ಕಣ್ಣಿದ್ದವರ ಪಕ್ಕ ಕಣ್ಣಿಲ್ಲದವರು. ಅವರು ಮೊದಲು ಹೊಡೆದದ್ದು ಮಣಿಕಟ್ಟುಗಳಿಗೆ. ಮೂಳೆ ಮುರಿದ ಸದ್ದು ಕೇಳಿಸಿತು, ಸರಪಳಿ ಹರಿಯಿತು. ಒಬ್ಬ ನನ್ನ ಬಾಯಿಗೇ ಬಾರಿಸಿದ. ಮೂರು ಹಲ್ಲು ಉಗುಳಿ, ಅವನ ಕಾಲಿಗೆ ಹಾರಿ ಹಿಮ್ಮಡಿ ಹಿಡಿದು ತಿರುಚಿದೆ. ಆಟದಲ್ಲಾದರೆ ಬಿಡುತ್ತಿದ್ದೆ. ಅವತ್ತು ಕಾಲು ಮುರಿಯುವವರೆಗೆ ಬಿಡಲಿಲ್ಲ, ಮುರಿದ ಮೇಲೂ ಬಿಡಲಿಲ್ಲ. ಅವನು ಅವ್ವಾ ಎಂದು ಚೀರಿದ. ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ?

ಆಗ ಬೆನ್ನ ಹಿಂದಿನಿಂದ ಅಡಿವೆಮ್ಮನ ದನಿ ಬಂತು.

"ಅಕ್ಕಾ, ನಾ ಸತ್ತೆ."

ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು. ನಾನು ತಿರುಗಿಯೂ ನೋಡಲಿಲ್ಲ. ಅಭ್ಯಾಸಬಲ ನೋಡಿ, ನಾಲಿಗೆ ತಾನಾಗಿಯೇ ಆಡಿತು.

"ಗೆರೆ ದಾಟಿ ಕೂತ್ಕೋ."

ಸುಟ್ಟುಹೋಗಲಿ ನನ್ನ ನಾಲಿಗೆ. ಸಲಾಕೆಯ ಏಟಿಗೆ ತಲೆ ಒಡೆದಿದ್ದ ಆ ಹುಡುಗಿ ನನ್ನ ಮಾತು ಕೇಳಿ ಗೆರೆಗೆ ಕಟ್ಟಿದ್ದ ಹಗ್ಗವನ್ನು ಪಾದದಿಂದ ತಡವಿ, ದಾಟಿ, ಕಾಲು ಮಡಚಿ ಕೂತಳಂತೆ. ನೋಡಿದ್ದ ಹುಡುಗರು ಆಮೇಲೆ ಹೇಳಿದರು. ಇನ್ನೂ ಅರ್ಧ ಗಂಟೆ ಹೊಡೆದಾಟ ನಡೆಯಿತು. ಆಸ್ಪತ್ರೆ ಪಕ್ಕದ ರಸ್ತೆಯಲ್ಲೇ ಇತ್ತು.

ಕೊನೆಗೆ ಅವರು ಓಡಿದರು. ಮೈದಾನ ನಮ್ಮದಾಯಿತು. ನಾನು ರಕ್ತದ ಬಾಯಲ್ಲೇ ಕೇಕೆ ಹಾಕಿ ಗೆರೆಯತ್ತ ಓಡಿ, ಗೆದ್ದೆವು, ಜೀವ ಬಂತು, ಏಳೇ ಎಂದು ಅವಳ ಭುಜ ಅಲ್ಲಾಡಿಸಿದೆ. ಛಾವಣಿಯ ಕಂಬಕ್ಕೆ ಒರಗಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು.

ಮೈದಾನ ಇವತ್ತಿಗೂ ನಮ್ಮದೇ. ಕೈಹೊಣೆಯೂ ನಿಂತಿಲ್ಲ, ನಿಲ್ಲಿಸಿ ಎಂದು ನಾನು ಹೇಳುವವಳೂ ಅಲ್ಲ. ಆಡಿಸಿ, ಬಿದ್ದರೆ ಎಬ್ಬಿಸಿ, ಯಾರಾದರೂ ಜಾಗ ಬಿಡಿ ಅಂದರೆ ಬಿಡಬೇಡಿ. ಒಂದೇ ಒಂದು ಬೇಡಿಕೆ. ಪುಸ್ತಕ ಇನ್ನೂ ನಿಮ್ಮ ಕೈಯಲ್ಲಿದೆ, ಶಾಯಿ ಆರಿರಲಿಕ್ಕಿಲ್ಲ. ಏಳನೇ ನಿಯಮದಲ್ಲಿ 'ಸತ್ತೆ' ಹೊಡೆದುಹಾಕಿ ಬೇರೆ ಏನಾದರೂ ಬರೆಯಿರಿ. 'ಔಟು' ಅನ್ನಿ, 'ಕುಂಬಳಕಾಯಿ' ಅನ್ನಿ, ಏನಾದರೂ ಅನ್ನಿ.

ಇವತ್ತೇ ಬರೆಯಿರಿ. ಅಡಿವೆಮ್ಮ ಹುಟ್ಟುವುದಕ್ಕೆ ಇನ್ನೂ ಎಂಬತ್ತು ವರ್ಷವಿದೆ.

ನಿಮ್ಮ
ಶಿವಗಂಗವ್ವ